ಆಚೆಮನೆಯ ಒಳಲೆ

ನಾನು ಒಂದು ಒಳಲೆ. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ, ನಿಮ್ಮ ಅಜ್ಜಿಯನ್ನು ಕೇಳಿದರೆ ಹೇಳುತ್ತಾಳೆ. ಅಂಗೈಯಲ್ಲಿ ಅಡಗುವ ಪುಟ್ಟ ಕಂಚಿನ ಬಟ್ಟಲು, ಒಂದು ಕಡೆ ಕೊಕ್ಕಿನ ಹಾಗೆ ಚಾಚಿದ ಮೂತಿ. ಆ ಮೂತಿಯನ್ನು ಕೂಸಿನ ತುಟಿಯ ಸಂದಿಗೆ ಇಟ್ಟು ಓರೆ ಮಾಡಿದರೆ ಹಾಲು ಹನಿಹನಿಯಾಗಿ ಒಳಗಿಳಿಯುತ್ತದೆ. ಬರೀ ಹಾಲಾಗಿದ್ದರೆ ಮಕ್ಕಳಿಗೆ ನನ್ನ ಮೇಲೆ ಪ್ರೀತಿ ಇರುತ್ತಿತ್ತೇನೋ. ಹರಳೆಣ್ಣೆಗೂ ನಾನೇ, ಬಜೆ ತೇಯ್ದ ನೀರಿಗೂ ನಾನೇ, ಕಹಿ ಕಷಾಯಕ್ಕೂ ನಾನೇ. ಅದಕ್ಕೇ ನನ್ನನ್ನು ಕಂಡ ಕೂಡಲೇ ಮಕ್ಕಳು ಬಾಯಿ ಬಿಗಿಹಿಡಿದು, ಮುಖ ತಿರುಗಿಸಿ, ಕಾಲು ಝಾಡಿಸುತ್ತವೆ. ನನಗೆ ಅದರಿಂದ ಬೇಸರವಿಲ್ಲ. ಮುಚ್ಚಿದ ಬಾಯಿ ತೆರೆಸುವುದೇ ನನ್ನ ಕಸುಬು. ನಾನು ಹಟಮಾರಿ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿದ್ದು ನಾಗಮಂಗಲದ ಒಬ್ಬ ಕಂಚುಗಾರನ ಕುಲುಮೆಯಲ್ಲಿ. ಅವನು ಜೇನುಮೇಣದಲ್ಲಿ ನನ್ನ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ ಬೆಂಕಿಗೆ ಹಿಡಿದ. ಮೇಣ ಕರಗಿ ಹರಿದುಹೋಯಿತು. ಖಾಲಿಯಾದ ಜಾಗಕ್ಕೆ ಕಾದ ಕಂಚು ಸುರಿದ. ಯಾರದೋ ಒಡೆದ ತಟ್ಟೆ, ಯಾರದೋ ಸವೆದ ಕಾಲ್ಗಡಗ, ಎಲ್ಲ ಸೇರಿ ನಾನಾದೆ. ಆರಿದ ಮೇಲೆ ನನ್ನನ್ನು ಉಜ್ಜಿ, ಮೂತಿಯನ್ನು ತನ್ನ ತುಟಿಗೇ ಹಚ್ಚಿ ನೋಡಿಕೊಂಡ. ತರಚಿತು. ಮತ್ತೆ ಉಜ್ಜಿದ, ಮತ್ತೆ ಹಚ್ಚಿದ. ಕೂಸಿನ ತುಟಿಗೆ ಗಾಯವಾಗಬಾರದು ಎಂದು ತನ್ನ ತುಟಿಯಲ್ಲಿ ರಕ್ತ ಬರಿಸಿಕೊಂಡ ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ.

ಕೊಳ್ಳೇಗಾಲದ ಸಂತೆಯಲ್ಲಿ ಒಬ್ಬಾಕೆ ನನ್ನನ್ನು ಕೊಂಡು, ಚೊಚ್ಚಲ ಬಸುರಿಯಾಗಿದ್ದ ಮಗಳು ರಾಚಮ್ಮನ ಮಡಿಲಿಗೆ ಹಾಕಿದಳು. ರಾಚಮ್ಮನಿಗೆ ಗಟ್ಟಿ ಮೈ, ದೊಡ್ಡ ದನಿ, ಯಾರೇನೇ ಅಂದರೂ ಕೂಡಲೇ ತಿರುಗುವ ನಾಲಿಗೆ. ನನಗೂ ಅವಳಿಗೂ ಮೊದಲ ದಿನದಿಂದಲೇ ಹೊಂದಿಕೆಯಾಯಿತು. ಗಂಡ ಮಾದಯ್ಯ ಕಲ್ಲು ಒಡೆಯುವವನು. ಮೀಸೆ ತೀಡಿಕೊಳ್ಳದೆ ಹೊಸ್ತಿಲು ದಾಟದ ಆಸಾಮಿ. ಅವರಿಗೆ ಗಂಡು ಕೂಸು ಹುಟ್ಟಿತು. ಅದು ಕುಡಿದ ಮೊದಲ ಬಜೆ ನೀರು ನನ್ನ ಮೂತಿಯಿಂದಲೇ ಇಳಿದದ್ದು. ಅದು ನನಗೆ ಉಗಿದದ್ದೂ ಆಗಲೇ.

ಆಗ ಕೊಳ್ಳೇಗಾಲ ಮದರಾಸು ಸೀಮೆಗೆ ಸೇರಿತ್ತು. ಮಲಯಾದ ರಬ್ಬರ್ ತೋಟಗಳಿಗೆ ಆಳು ಹಿಡಿಯುವ ಕಂಗಾಣಿಗಳು ನಮ್ಮ ಕಡೆಗೂ ಬರುತ್ತಿದ್ದರು. ಅಂಥ ಒಬ್ಬನ ಮಾತು ನಂಬಿ ಮಾದಯ್ಯ ಹೆಂಡತಿ ಮಗುವನ್ನು ಕರೆದುಕೊಂಡು ಹಡಗು ಹತ್ತಿದ. ರಾಚಮ್ಮನ ಸೆರಗಿನ ಗಂಟಿನಲ್ಲಿ ನಾನೂ ಸಮುದ್ರ ದಾಟಿದೆ. ಅಲ್ಲಿಯ ಮೊದಲ ಮಳೆಗಾಲದಲ್ಲೇ ಕೂಸಿಗೆ ಜ್ವರ ಬಂತು. ಅದು ಬಾಯಿ ಮುಚ್ಚಿತು. ರಾಚಮ್ಮ ನನ್ನನ್ನು ಅದರ ತುಟಿಗೆ ಹಿಡಿದು ಹಿಡಿದು ಸೋತಳು. ಕಷಾಯವೆಲ್ಲ ಕೆನ್ನೆಯ ಮೇಲೆ ಹರಿದು ಅವಳ ಸೀರೆ ನೆನೆಯಿತು. ಆಮೇಲೆ ಬಹಳ ದಿನ ಅವಳು ನನ್ನನ್ನು ಮುಟ್ಟಲಿಲ್ಲ. ಆದರೆ ಎಸೆಯಲೂ ಇಲ್ಲ. ಸಾವಿನ ಮೇಲೆ ನನಗೆ ಹಗೆ ಹುಟ್ಟಿದ್ದು ಆಗ, ಅವಳಿಗೂ ಆಗಲೇ ಎಂದು ಕಾಣುತ್ತದೆ.

ತೋಟದಲ್ಲಿ ತಾಯಂದಿರು ರಬ್ಬರ್ ಹಾಲು ಇಳಿಸಲು ಹೋದಾಗ ಅವರ ಕೂಸುಗಳನ್ನು ನೋಡಿಕೊಳ್ಳಲು ಒಂದು ಕೊಟ್ಟಿಗೆಯಿತ್ತು. ರಾಚಮ್ಮ ಅಲ್ಲಿಗೆ ಆಯಾ ಆದಳು. ನಾನು ಮತ್ತೆ ಕೆಲಸಕ್ಕೆ ಸೇರಿದೆ. ತಮಿಳು ಹೆಂಗಸರು ನನ್ನನ್ನು ಪಾಲಾಡೈ ಎಂದರು, ತೆಲುಗರು ಇನ್ನೇನೋ ಎಂದರು. ಹೆಸರು ಏನೇ ಇರಲಿ, ರಾಚಮ್ಮನ ಕ್ರಮ ಒಂದೇ. ಎರಡೂ ಕಾಲು ನೀಡಿ ನೆಲದ ಮೇಲೆ ಕೂರುವಳು. ಕಾಲಿನ ಮೇಲೆ ಕೂಸನ್ನು ಮಲಗಿಸುವಳು, ತಲೆ ಪಾದದ ಕಡೆಗೆ. ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯ ಎರಡು ಬೆರಳು ಕೂಸಿನ ಮೂಗಿನ ಮೇಲೆ. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು. ತೆರೆದ ಕೂಡಲೇ ನಾನು ಒಳಗೆ. “ಗುಟುಕ್ ಅನ್ನು, ಗುಟುಕ್ ಅನ್ನು ನನ್ ಕೂಸ” ಎಂದು ಅವಳು ಗದರುವಳು. ಗಂಟಲು ಏರಿ ಇಳಿಯುವುದು. ಅಲ್ಲಿ ಎಷ್ಟು ಮಕ್ಕಳು ನನ್ನನ್ನು ಶಪಿಸುತ್ತಲೇ ಬೆಳೆದವೋ!

ಹೀಗಿರುವಾಗ ಯುದ್ಧ ಬಂತು. ಜಪಾನಿನ ಸೈನ್ಯ ಬರುವ ಸುದ್ದಿ ಕೇಳಿ ತೋಟದ ಬಿಳಿ ದೊರೆಗಳು ಹೇಳದೆ ಕೇಳದೆ ಕಾರು ಹತ್ತಿ ಹೋದರು. ರಬ್ಬರ್ ಕೊಳ್ಳುವವರಿಲ್ಲ, ಅಕ್ಕಿ ತರುವವರಿಲ್ಲ. ಜನ ಮರಗೆಣಸು ತಿಂದು ದಿನ ನೂಕಿದರು. ಆಗ ಹಳೆಯ ಕಂಗಾಣಿಯೇ ಹೊಸ ದೊರೆಗಳ ಪರವಾಗಿ ಬಂದ. ಉತ್ತರದಲ್ಲಿ ರೈಲು ಹಾದಿ ಹಾಕುತ್ತಿದ್ದಾರೆ, ಹೊಟ್ಟೆ ತುಂಬ ಅನ್ನ, ಬೇಗ ವಾಪಸು ಎಂದ. ಕಲ್ಲು ಒಡೆಯುವವರು ಬೇಕು ಎಂದಾಗ ಮಾದಯ್ಯ ಮೀಸೆ ತೀಡಿಕೊಂಡು ಎದ್ದ. ಒಬ್ಬನನ್ನೇ ಕಳಿಸಿದರೆ ಇವನು ಉಪ್ಪಿಲ್ಲದೆ ಉಂಡರೂ ಕೇಳುವವನಲ್ಲ ಎಂದು ರಾಚಮ್ಮನೂ ಹೊರಟಳು. ಅವಳ ಗೆಳತಿ ಪೊನ್ನಾಯಿ ಬಂದಳು. ತೋಟದಲ್ಲಿ ಎಲ್ಲರಿಗಿಂತ ಹಿರಿಯನಾದ, ಎಲ್ಲರಿಗಿಂತ ಮುಂಗೋಪಿಯಾದ ರಬ್ಬರ್ ಮರ ಗೀರುವ ಸಡಯನ್ ತನ್ನ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ನನ್ನನ್ನು ಉಪ್ಪು ಅಳೆಯಲು ಆದೀತೆಂದು ರಾಚಮ್ಮ ಗಂಟಿನಲ್ಲಿ ಕಟ್ಟಿಕೊಂಡಳು. ಉಪ್ಪಿನ ಜೊತೆ ಪ್ರಯಾಣ ಮಾಡುವುದು ನನಗೆ ಸ್ವಲ್ಪ ಅವಮಾನವೇ ಆಯಿತು.

ಕಬ್ಬಿಣದ ಗೂಡ್ಸ್ ಗಾಡಿಯಲ್ಲಿ ಕುರಿಗಳಂತೆ ತುಂಬಿ ಒಯ್ದರು. ಆಮೇಲೆ ಕಾಡಿನಲ್ಲಿ ನಡೆಸಿದರು. ಕೊನೆಗೆ ಮುಟ್ಟಿದ್ದು ಒಂದು ಹೊಳೆಯ ಪಕ್ಕದ ಶಿಬಿರ. ಬಿದಿರಿನ ಉದ್ದ ಗುಡಿಸಲುಗಳು, ಅರ್ಧ ಸೋರುವ ಮಾಡು, ಸುತ್ತ ಕಾವಲು. ಬಂದವರು ಕೂಲಿಗಳಲ್ಲ, ಸೆರೆಯಾಳುಗಳು ಎಂದು ಮೊದಲ ಏಟು ಬಿದ್ದಾಗಲೇ ಎಲ್ಲರಿಗೂ ಗೊತ್ತಾಯಿತು. ಗಂಡಸರು ಬಂಡೆ ಸೀಳಬೇಕು, ಹೆಂಗಸರು ಮಣ್ಣು ಹೊರಬೇಕು. ನಿಂತರೆ “ಕುರ್ರಾ!” ಎಂದು ಅವರ ಭಾಷೆಯ ಗದರಿಕೆ, ಅದರ ಹಿಂದೆಯೇ ಬಿದಿರಿನ ಏಟು. ಓಡಿಹೋದವರನ್ನು ಹಿಡಿದು ತಂದು ಎಲ್ಲರ ಮುಂದೆ ಕೊಂದರು. ಮೊದಮೊದಲು ಸತ್ತವರಿಗೆ ಗುಂಡಿ ತೋಡಿ, ತಲೆಯ ಕಡೆ ಒಂದು ಕಲ್ಲು ಇಟ್ಟು, ಇಬ್ಬರಾದರೂ ಅಳುತ್ತಿದ್ದರು. ಬರಬರುತ್ತಾ ಅಳಲು ಶಕ್ತಿ ಇಲ್ಲದಾಯಿತು.

ಮಳೆ ಹಿಡಿದ ಮೇಲೆ ಕಾಲರಾ ಬಂತು. ಬೆಳಗ್ಗೆ ಮಣ್ಣು ಹೊತ್ತವನು ಸಂಜೆಯ ಹೊತ್ತಿಗೆ ಕಣ್ಣು ಒಳಗೆ ಹೋಗಿ, ಕೈಕಾಲು ಸೆಟೆದು, ಗುರುತೇ ಸಿಗದಂತಾಗುತ್ತಿದ್ದ. ಕಾವಲಿನವರು ಬಂದೂಕಿನ ಗುಂಡಿಗೆ ಹೆದರುವವರಲ್ಲ, ಈ ರೋಗಕ್ಕೆ ಹೆದರಿದರು. ಹೊಳೆಯ ಆಚೆ ದಡದಲ್ಲಿ ಒಂದು ಗುಡಿಸಲು ಹಾಕಿಸಿ, ರೋಗ ತಗುಲಿದವರನ್ನೆಲ್ಲ ಅಲ್ಲಿ ಹಾಕಿಸಿದರು. ಅದಕ್ಕೆ ಆಸ್ಪತ್ರೆ ಎಂದು ಹೆಸರು. ಅಲ್ಲಿ ವೈದ್ಯನಿಲ್ಲ, ಮದ್ದಿಲ್ಲ. ನಮ್ಮವರು ಆ ಹೆಸರು ಹೇಳಲೇ ಇಲ್ಲ. ‘ಆಚೆಮನೆ’ ಎಂದರು. ಆಚೆಮನೆಗೆ ಹೋದ ಎಂದರೆ ಸಾಕು, ಅವನ ಪಾಲಿನ ಅನ್ನವನ್ನು ಉಳಿದವರು ಹಂಚಿಕೊಳ್ಳುತ್ತಿದ್ದರು.

ದಿನಾ ಬೆಳಗ್ಗೆ ಒಬ್ಬ ಕಾವಲುಗಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಚೆಮನೆಯ ಬಾಗಿಲಿಗೆ ಬರುತ್ತಿದ್ದ. ಒಳಗೆ ಬರಲು ಹೆದರಿಕೆ. ಉದ್ದನೆಯ ಬಿದಿರಿನ ಕೋಲು ಚಾಚಿ ಒಬ್ಬೊಬ್ಬರನ್ನೇ ತಿವಿಯುತ್ತಿದ್ದ. ಮಿಸುಕಿದವರು ಬದುಕಿದ್ದಾರೆಂದು ಲೆಕ್ಕ. ಮಿಸುಕದವರನ್ನು ನಮ್ಮವರೇ ಹೊತ್ತುಕೊಂಡು ಹೋಗಿ, ಗುಡಿಸಲಿನ ಹಿಂದೆ ಬಿದಿರು ಹಾಕಿ ಸದಾ ಉರಿಸುತ್ತಿದ್ದ ಬೆಂಕಿಯ ಗುಂಡಿಗೆ ಹಾಕಬೇಕು. ಮಿಸುಕಲು ಆಗದೆ ಕಣ್ಣು ಮಾತ್ರ ಆಡಿಸುತ್ತಿದ್ದವರನ್ನೂ ಹಾಕಿಸಿದರು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಬೆಂಕಿ ಮುಟ್ಟಿದ ಮೇಲೆ ಅವರು ಕೂಗಿದ್ದನ್ನು ಇಡೀ ಶಿಬಿರ ಕೇಳಿತು.

ಪೊನ್ನಾಯಿಯನ್ನು ಆಚೆಮನೆಗೆ ಹಾಕಿದ ದಿನ ರಾಚಮ್ಮ ಮಣ್ಣಿನ ಬುಟ್ಟಿಯನ್ನು ನೆಲಕ್ಕೆ ಬಡಿದು ಹೊಳೆ ದಾಟಿದಳು. ಕಾವಲಿನವರು ತಡೆಯಲಿಲ್ಲ. ಒಳಗೆ ಹೋದವಳು ಹೊರಗೆ ಬಂದರೆ ತಾನೆ ಎಂದುಕೊಂಡಿರಬೇಕು. ಅವಳು ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ಮರಳಿಸಿದಳು, ಹಿಡಿ ಅಕ್ಕಿ ಹಾಕಿ ಗಂಜಿ ಮಾಡಿದಳು, ಉಪ್ಪು ಹಾಕಿದಳು. ತೋಟದಲ್ಲಿ ಮಕ್ಕಳಿಗೆ ಭೇದಿಯಾದಾಗ ಅವಳು ಮಾಡುತ್ತಿದ್ದದ್ದೇ ಇದು. ಗಂಜಿಯ ತಿಳಿಯನ್ನು ನನ್ನಲ್ಲಿ ತುಂಬಿ, ಅಂಗಾತ ಮಲಗಿದ್ದ ಪೊನ್ನಾಯಿಯ ಪಕ್ಕ ಕೂತು, ಅವಳ ತುಟಿಗೆ ನನ್ನನ್ನು ತಂದಳು.

ಪೊನ್ನಾಯಿ ನನ್ನನ್ನು ನೋಡಿದಳು. ಕಣ್ಣಿನಲ್ಲಿ ನೀರು ಬಂತು. “ಬೇಡ ರಾಚಮ್ಮಾ, ಪಾಲ್ ಊತ್ತಾದೇ” ಎಂದು ಹಲ್ಲು ಕಚ್ಚಿದಳು. ಹಾಲು ಬಿಡಬೇಡ ಎಂದು ಅದರ ಅರ್ಥ.

ಸಾಯುವವರ ಬಾಯಿಗೆ ಕೊನೆಯ ಗುಟುಕು ಹಾಲು ಬಿಡುವುದು ತಮಿಳರ ಪದ್ಧತಿ. ನಮ್ಮ ಕಡೆ ನೀರು ಬಿಡುತ್ತಾರೆ. ಅಂಗಾತ ಮಲಗಿದ ಮನುಷ್ಯ, ಪಕ್ಕದಲ್ಲಿ ಕೂತ ಹೆಂಗಸು, ಕೈಯಲ್ಲಿ ಪುಟ್ಟ ಬಟ್ಟಲು, ಹನಿಹನಿಯಾಗಿ ಇಳಿಯುವ ನೀರು. ನೋಡಿದವರಿಗೆ ಬೇರೇನು ತೋಚೀತು? ತನ್ನ ಕಥೆ ಮುಗಿಯಿತೆಂದೇ ಪೊನ್ನಾಯಿ ನಂಬಿದಳು. ರಾಚಮ್ಮ ಬೇಡಿಕೊಂಡಳು, ಬೈದಳು, ಅತ್ತಳು. ಆ ಹಲ್ಲು ಬಿಡಲಿಲ್ಲ. ಮರುದಿನ ಕಾವಲುಗಾರನ ಬಿದಿರಿಗೆ ಅವಳು ಮಿಸುಕಲಿಲ್ಲ. ಆಮೇಲೆ ನಾನು ಹೋದಲ್ಲೆಲ್ಲ ಬಾಯಿಗಳು ಮುಚ್ಚಿಕೊಂಡವು. ರಾಚಮ್ಮ ನನ್ನನ್ನು ಕೈಗೆತ್ತಿಕೊಂಡರೆ ಸಾಕು, ಸಾಲಿನಲ್ಲಿ ಮಲಗಿದವರು ಗೋಡೆಯ ಕಡೆ ಹೊರಳುತ್ತಿದ್ದರು. ಮಕ್ಕಳನ್ನು ಬದುಕಿಸಲು ಹುಟ್ಟಿದ ನನ್ನನ್ನು ಯಮನ ಕಡೆಯವನೆಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇದನ್ನು ಬಿಡಿಸಿದ್ದು ಸಡಯನ್. ಅಂದರೆ, ಅವನಿಗೆ ಬಿಡಿಸುವ ಉದ್ದೇಶವೇನೂ ಇರಲಿಲ್ಲ. ರೋಗ ತಗುಲಿ ಬಂದು ಬಿದ್ದವನು ನನ್ನನ್ನು ಕಂಡ ಕೂಡಲೇ ಇದ್ದಬದ್ದ ಶಕ್ತಿಯಲ್ಲಿ ಕೂಗಾಡಿದ. “ನಾನು ಇನ್ನೂ ಸತ್ತಿಲ್ಲ! ಅದನ್ನು ಆಚೆ ತೆಗೆ!” ಎಂದು ತಮಿಳಿನಲ್ಲಿ ಅವಳ ಮೂರು ತಲೆಮಾರನ್ನು ಬೈದ. ರಾಚಮ್ಮನಿಗೆ ಸಾಕಾಗಿಹೋಗಿತ್ತು. ಸೊಂಟ ನೋಯುತ್ತಿತ್ತು. ಕಂಬಕ್ಕೆ ಒರಗಿ, ಎರಡೂ ಕಾಲು ನೀಡಿ ಕೂತುಬಿಟ್ಟಳು. ಕೂತದ್ದೇ ತಡ, ತೋಟದ ಕೊಟ್ಟಿಗೆಯ ಅಭ್ಯಾಸ ಅವಳ ಕೈಗೆ ಬಂತು. ಬೈಯುತ್ತಿದ್ದ ಸಡಯನ್‌ನ ತಲೆಯನ್ನು ಎರಡೂ ಕೈಯಲ್ಲಿ ಎಳೆದು ತನ್ನ ಕಾಲಿನ ಮೇಲೆ ಹಾಕಿಕೊಂಡಳು.

“ಸಾಯೋರ್ನ ಯಾರಾರ ಕಾಲ್ ಮ್ಯಾಲ ಹಾಕಂಡರಾ? ಹಾಕಳದು ಕೂಸ್ಗಳ್ನ. ನೀ ನನ್ ಕೂಸು ಕನ ಮುದ್ಕ. ಬಾಯ್ ಬುಡು” ಎಂದು ಮೂಗು ಹಿಡಿದಳು.

ನರೆತ ಗಡ್ಡದ, ಹಲ್ಲಿಲ್ಲದ ಆ ಮುದುಕ ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದ. ನಾನು ನುಗ್ಗಿದೆ. ಗುಟುಕ್! ಪಕ್ಕದಲ್ಲಿ ಮಲಗಿದ್ದ ಯಾರೋ ನಕ್ಕರು. ಆಚೆಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ರಾಚಮ್ಮ ಮತ್ತೆ ಮತ್ತೆ ಕುಡಿಸಿದಳು. ಅವನು ಕಕ್ಕಿದ, ಇವಳು ಮತ್ತೆ ಕುಡಿಸಿದಳು. ಎರಡು ದಿನ ಕಳೆದ ಮೇಲೆ ಸಡಯನ್ ಗೋಡೆ ಹಿಡಿದು ಎದ್ದು ನಿಂತ, ನಿಂತವನೇ ಗಂಜಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದ.

ಅಲ್ಲಿಂದ ರೋಗಿಗಳು ತಾವೇ ತೆವಳಿಕೊಂಡು ಅವಳ ಕಾಲಿನ ಕಡೆಗೆ ಬರತೊಡಗಿದರು. ಪಕ್ಕದಲ್ಲಿ ಕೂತು ಕುಡಿಸಿದರೆ ಸಾವು, ಕಾಲಿನ ಮೇಲೆ ಹಾಕಿಕೊಂಡರೆ ಬದುಕು ಎಂಬ ಮಾತು ಹುಟ್ಟಿತು. ‘ಕೂಸಾಗುವುದು’ ಎಂಬ ಹೊಸ ಮಾತೂ ಬಂತು. ನಾಳೆ ನನಗೆ ಬಂದರೆ ನಾನೂ ಕೂಸಾಗುತ್ತೇನೆ ಎಂದು ಬಂಡೆ ಒಡೆಯುವ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಕೂಸಾದವರೆಲ್ಲ ಉಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಬಹಳ ಮಂದಿ ಅವಳ ಕಾಲಿನ ಮೇಲೆಯೇ ಸತ್ತರು. ಆದರೆ ಜೀವವಿದ್ದಾಗ ಬೆಂಕಿಗೆ ಹೋದವರಿಲ್ಲ. ಬೆಳಗ್ಗೆ ಬಿದಿರಿನ ಕೋಲು ಬಾಗಿಲಲ್ಲಿ ಕಂಡ ಕೂಡಲೇ ರಾಚಮ್ಮ ಮಿಸುಕಲಾಗದವರ ಬಾಯಿಗೆ ನನ್ನನ್ನು ಇಟ್ಟು ಓರೆ ಮಾಡುತ್ತಿದ್ದಳು. ಗಂಟಲು ಏರಿ ಇಳಿದರೆ ಬೆರಳು ಮಾಡಿ ತೋರಿಸುತ್ತಿದ್ದಳು. “ಇಕಾ ನೋಡು, ನುಂಗ್ತು! ಇನ್ನೂ ಜೀವ ಅದ!” ಕಾವಲುಗಾರನಿಗೆ ಕನ್ನಡ ಬಾರದು, ಆದರೆ ಗಂಟಲು ತಿಳಿಯುತ್ತಿತ್ತು. ಗೊಣಗಿ ಮುಂದೆ ಹೋಗುತ್ತಿದ್ದ.

ಈ ಸುದ್ದಿ ಮಾದಯ್ಯನಿಗೆ ಹಿಡಿಸಲಿಲ್ಲ. ಒಂದು ಸಂಜೆ ರಾಚಮ್ಮ ಹೊಳೆಯಂಚಿನಲ್ಲಿ ನನ್ನನ್ನು ಬೂದಿ ಹಾಕಿ ತಿಕ್ಕುತ್ತಿದ್ದಾಗ ಅವನು ಶಿಬಿರದ ಕಡೆಯ ದಡಕ್ಕೆ ಬಂದು ನಿಂತ. ಬಟ್ಟೆ ಚಿಂದಿಯಾಗಿತ್ತು, ಪಕ್ಕೆಲುಬು ಎದ್ದಿದ್ದವು, ಮೀಸೆ ಮಾತ್ರ ತೀಡಿಕೊಂಡೇ ಬಂದಿದ್ದ.

“ಊರ್ ಗಂಡುಸ್ರ ತಲನೆಲ್ಲ ಕಾಲ್ ಮ್ಯಾಲ ಮಡಿಕಂಡು ಕುಂತಿದ್ದಯಂತಲ್ಲಮ್ಮಿ. ನಾಚ್ಕ ಆಗಲ್ವಾ ನಿಂಗ?”

“ಸಾಯೋರ್ನ ಹಿಡ್ದು ನಿಲ್ಸಾಕ ಯಾನ್ ನಾಚ್ಕ?”

“ನಂಗ ಆಯ್ತದ ಕನ.”

“ಆಗ್ಲಿ ಬುಡು. ನಾಚ್ಕಂಡೇ ಬದ್ಕಿರು. ಅಷ್ಟಾದ್ರ ಸಾಕು ನಂಗ.”

ಅವನು ಮುಖ ತಿರುಗಿಸಿ ಹೋದ. ಸ್ವಲ್ಪ ದಿನಕ್ಕೆ ಅವನನ್ನೇ ಹೊತ್ತು ತಂದು ಆಚೆಮನೆಯಲ್ಲಿ ಹಾಕಿದರು.

ರಾಚಮ್ಮ ಉಳಿದವರನ್ನು ಬಿಟ್ಟು ಅವನ ಹತ್ತಿರ ಬಂದಳು. ಗಂಜಿ ತುಂಬಿಕೊಂಡು, ಕಾಲು ನೀಡಿ ಕೂತು, ಅವನ ತಲೆಗೆ ಕೈ ಹಾಕಿದಳು. ಅವನು ಕೈ ತಳ್ಳಿದ.

“ಬ್ಯಾಡ ಕನಮ್ಮಿ. ಗಂಡನ ತಲ ಎಡ್ತಿ ಕಾಲ್ ಮ್ಯಾಲ ಬರ್ಬಾರ್ದು. ಪಕ್ಕದಲ್ಲಿ ಕುಂತ್ಕ. ಮಾದಪ್ಪನ ಹೆಸ್ರೇಳಿ ಬಾಯ್ಗ ಒಂದ್ ಗುಟ್ಕು ನೀರ್ ಬುಟ್ಬುಡು. ಮರ್ವಾದಿಯಾಗಿ ಹೊಂಟೋಯ್ತಿನಿ.”

“ಬುಡಲ್ಲ.”

“ಕಟ್ಕಂಡ ಗಂಡ ಕೇಳ್ತಾವ್ನಿ.”

“ಯಾರ್ ಕೇಳುದ್ರೂ ಬುಡಲ್ಲ. ಬಾಯ್ಗ ನೀರ್ ಬುಡುಸ್ಕಂಡೋರು ಎದ್ದು ಬಂದುದ್ನ ನಾ ಕಂಡಿಲ್ಲ. ಗಂಜಿ ಅದ. ಕಾಲ್ ಮ್ಯಾಲ ಮನಿಕಂಡು ಕುಡಿ.”

ಅವನು ಕಣ್ಣು ಮುಚ್ಚಿದ, ಬಾಯಿ ಮುಚ್ಚಿದ. ಇವಳು ತಲೆ ಎಳೆದರೆ ಅವನು ಪಕ್ಕಕ್ಕೆ ಹೊರಳಿದ. ಮೂಗು ಹಿಡಿದರೆ ಹಲ್ಲಿನ ಸಂದಿಯಲ್ಲೇ ಉಸಿರಾಡಿದ. ಸಂಜೆಯವರೆಗೂ ಇದೇ ನಡೆಯಿತು. ಒಬ್ಬರಿಗೊಬ್ಬರು ಸೋಲದ ಗಂಡ ಹೆಂಡಿರ ನಡುವೆ ನಾನು ಗಂಜಿ ತುಂಬಿಕೊಂಡು ಕಾಯುತ್ತಿದ್ದೆ. ಮರ್ಯಾದೆಗಾಗಿ ಸಾಯಲು ಹೊರಟವನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಮೀಸೆ ಇಟ್ಟುಕೊಂಡು ಬೆಂಕಿಗೆ ಬಿದ್ದರೆ ಮೀಸೆಯೂ ಸುಡುತ್ತದಲ್ಲವೆ?

ಬೆಳಗಾಗುವ ಹೊತ್ತಿಗೆ ಅವನ ಮೈ ತಣ್ಣಗಾಗಿತ್ತು. ರಾಚಮ್ಮ ಹೊಸದಾಗಿ ಗಂಜಿ ಬಸಿಯಲು ಹೊರಗೆ ಹೋಗಿದ್ದಾಗಲೇ ಕಾವಲುಗಾರ ಬಂದುಬಿಟ್ಟ. ಬಿದಿರಿನಿಂದ ಮಾದಯ್ಯನ ಎದೆಗೆ ತಿವಿದ. ಮಿಸುಕಲಿಲ್ಲ. ಇನ್ನೊಮ್ಮೆ ತಿವಿದ. ಇಲ್ಲ. ಹೊರುವ ಕೆಲಸ ಈಗ ಸಡಯನ್‌ದಾಗಿತ್ತು, ಒಮ್ಮೆ ಬದುಕಿದವರಿಗೆ ಈ ರೋಗ ಮತ್ತೆ ಬರುವುದಿಲ್ಲ ಎಂದು ಅವನಿಗೇ ಕಟ್ಟಿದ್ದರು. ಅವನೂ ಇನ್ನೊಬ್ಬನೂ ಬಿದಿರಿನ ತಟ್ಟಿಯಲ್ಲಿ ಮಾದಯ್ಯನನ್ನು ಎತ್ತಿಕೊಂಡು ಗುಂಡಿಯ ದಾರಿ ಹಿಡಿದರು.

ರಾಚಮ್ಮ ನೋಡಿದಳು. ಗಂಜಿಯ ಡಬ್ಬಿಯಲ್ಲಿ ನನ್ನನ್ನು ಅದ್ದಿ ತುಂಬಿಕೊಂಡು ಓಡಿಬಂದು, ದಾರಿಯ ನಡುವೆ ಕೆಸರಿನಲ್ಲಿ ಕೂತು, ಎರಡೂ ಕಾಲನ್ನು ನೀಡಿಬಿಟ್ಟಳು.

“ಇಲ್ಲಿ ಇಳ್ಸು ಸಡಯಾ.”

“ಕುರ್ರಾ!” ಎಂದು ಹಿಂದಿನಿಂದ ಕಾವಲುಗಾರ ಅಬ್ಬರಿಸಿದ. ಸಡಯನ್ ಅವನನ್ನು ನೋಡಿದ, ಇವಳನ್ನು ನೋಡಿದ. ಮುಗ್ಗರಿಸಿದವನ ಹಾಗೆ ಮಂಡಿ ಊರಿ, ಮಾದಯ್ಯನ ತಲೆ ನೇರ ಅವಳ ಪಾದಗಳ ಮೇಲೆ ಬರುವಂತೆ ತಟ್ಟಿಯನ್ನು ಇಳಿಸಿದ. ರಬ್ಬರ್ ತೋಟದಲ್ಲಿ ಜೀವಮಾನವಿಡೀ ಕಾಲು ಜಾರದವನು ಆವತ್ತು ಮುಗ್ಗರಿಸಿದ.

ರಾಚಮ್ಮ ನನ್ನನ್ನು ಓರೆ ಮಾಡಿದಳು. ಗಂಜಿ ತುಟಿಯಿಂದ ಹರಿದು ಕೆಸರಿಗೆ ಬಿತ್ತು. ಮತ್ತೆ ಓರೆ ಮಾಡಿದಳು. ಮತ್ತೆ ಕೆಸರಿಗೆ. ಕಾವಲುಗಾರನ ಬಿದಿರು ಅವಳ ಬೆನ್ನಿಗೆ ಬಿತ್ತು. ಅವಳು ತಿರುಗಲಿಲ್ಲ. ಈ ಹೊತ್ತಿಗೆ ನನಗೆ ಒಂದು ಗೊತ್ತಾಗಿತ್ತು. ನಾನು ಬಹಳ ಬಾಯಿಗಳನ್ನು ಬಲ್ಲೆ. ಆಗತಾನೆ ಸತ್ತವರ ದವಡೆ ಸಡಿಲ. ಇವನ ಹಲ್ಲು ಕಚ್ಚಿಕೊಂಡಿದ್ದವು. ಇದು ಸಾವಲ್ಲ, ಹಟ. ನನಗೆ ಕೂಗಿ ಹೇಳಬೇಕೆನಿಸಿತು, ಆದರೆ ನನಗೆ ಮೂತಿಯಿದೆ, ನಾಲಿಗೆಯಿಲ್ಲ.

ರಾಚಮ್ಮ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿ ತಂದಳು. ಅವಳ ದೊಡ್ಡ ದನಿ ಎಲ್ಲಿಗೋ ಹೋಗಿತ್ತು.

“ನಮ್ ಕೂಸು ಹಿಂಗೇ ಬಾಯ್ ಮುಚ್ಕಂಡು ಹೊಂಟೋಯ್ತು ಕನ. ನೀನೂ ಮುಚ್ಕಂಡಯ? ನಾ ಒಪ್ಪಲ್ಲ. ಗಂಡನ್ ತಲ ಕಾಲ್ ಮ್ಯಾಲ ಮಡಿಕಂಡ ಪಾಪ ನಂಗೇ ಬರ್ಲಿ, ಏಳ್ ಜಲ್ಮ ನಾನೇ ತೀರುಸ್ತಿನಿ. ನೀ ಬಾಯ್ ಬುಡು.”

ಅವನ ಮೀಸೆ ಅಲುಗಿತು. ತುಟಿ ಸ್ವಲ್ಪವೇ ಸ್ವಲ್ಪ ಬಿಟ್ಟಿತು. ನಾನು ಕಾಯಲಿಲ್ಲ. ಹಲ್ಲಿನ ಸಂದಿಗೆ ನನ್ನ ಮೂತಿ ತೂರಿ ನಾಲಿಗೆಯನ್ನು ಒತ್ತಿ ಹಿಡಿದೆ, ಅವಳು ಮೂಗು ಹಿಡಿದಳು, ಗಂಜಿ ಇಳಿಯಿತು. ಗಂಟಲಿನ ಗಂಟು ಮೇಲೆ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಬಂತು.

“ಗುಟುಕ್!” ಎಂದ ಸಡಯನ್.

ಗುಡಿಸಲಿನ ಬಿದಿರು ಸಂದಿಯಿಂದ ನೋಡುತ್ತಿದ್ದವರೆಲ್ಲ ಕ್ಷೀಣ ದನಿಯಲ್ಲಿ ಕೂಗಿದರು. ಗುಟುಕ್, ಗುಟುಕ್, ಕೂಸಿಗೆ ಹೇಳುವ ಹಾಗೆ. ತಮಿಳರು, ತೆಲುಗರು, ಎಲ್ಲರೂ. ಆ ಶಿಬಿರದಲ್ಲಿ ಅಷ್ಟು ಜನ ಒಟ್ಟಿಗೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಮಾದಯ್ಯ ಕಣ್ಣು ಬಿಟ್ಟ. ಹೆಂಡತಿಯ ಪಾದದ ಮೇಲೆ ತನ್ನ ತಲೆ ಇರುವುದು ತಿಳಿಯಿತು. “ಥೂ, ಮಾನ ಕಳ್ದಲ್ಲಮ್ಮಿ” ಎಂದ. ಅಂದವನೇ ಕೂಸುಗಳು ಮಾಡುವಂತೆ ಮುಖ ತಿರುಗಿಸಿ, ಕುಡಿದದ್ದನ್ನೆಲ್ಲ ಕಾವಲುಗಾರನ ಬೂಟಿನ ಮೇಲೆ ಕಕ್ಕಿದ.

ಬಂದೂಕು ಹೊತ್ತ ಆ ಮನುಷ್ಯ ಹಾರಿ ಹಿಂದೆ ಸರಿದ. ಬೂಟನ್ನು ನೆಲಕ್ಕೆ ತಿಕ್ಕಿದ, ಹುಲ್ಲಿಗೆ ತಿಕ್ಕಿದ, ಹೆದರಿಕೆಗೆ ಕಿರುಚಿದ. ಸಿಟ್ಟಿನಲ್ಲಿ ಬಿದಿರು ಬೀಸಿ ರಾಚಮ್ಮನ ಕೈಗೆ ಹೊಡೆದ. ನಾನು ಅವಳ ಕೈಯಿಂದ ಹಾರಿ ಹೊಳೆಯ ಅಂಚಿನ ಕೆಸರಿಗೆ ಬಿದ್ದೆ. ಅವನು ರೋಗ ತೊಳೆದುಕೊಳ್ಳಲು ಇಟ್ಟಿದ್ದ ಸುಣ್ಣದ ನೀರಿನ ತೊಟ್ಟಿಯ ಕಡೆಗೆ ಓಡಿದ. ಸಡಯನ್ ಮಾದಯ್ಯನನ್ನು ಗುಂಡಿಗಲ್ಲ, ವಾಪಸು ಗುಡಿಸಲಿಗೆ ಹೊತ್ತ.

ನಾನು ಕೆಸರಿನಲ್ಲಿ ಅರ್ಧ ಹೂತು ಬಿದ್ದಿದ್ದೆ. ರಾಚಮ್ಮ ಹುಡುಕಿದಳು, ಮಳೆಯಲ್ಲಿ ಸಿಗಲಿಲ್ಲ. ಒಳಗೆ ಅವಳ ಗಂಡ ಇನ್ನೂ ಸಾವಿನ ಬಾಗಿಲಲ್ಲೇ ಇದ್ದಾನೆ. ಒಂದು ಗುಟುಕಿನಿಂದ ಯಾರೂ ಬದುಕುವುದಿಲ್ಲ. ನಾನಿಲ್ಲದೆ ಇವರ ಗತಿಯೇನು ಎಂದು ಸಂಕಟಪಟ್ಟೆ. ನನ್ನಂಥದ್ದು ಇನ್ನೊಂದು ಆ ಕಾಡಿನಲ್ಲಿ ಎಲ್ಲಿಂದ ಬರಬೇಕು?

ಆಗ ಗುಡಿಸಲಿನಿಂದ ಸದ್ದು ಬಂತು. ಗುಟುಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ, ಗುಟುಕ್. ಬಿದಿರು ಸಂದಿಯಿಂದ ನನಗೆ ಒಳಗೆ ಕಾಣುತ್ತಿತ್ತು. ಸಡಯನ್ ರಬ್ಬರ್ ಮರ ಗೀರುವ ಚಾಕುವಿನಲ್ಲಿ ಬಿದಿರಿನ ಗೆಣ್ಣು ಸೀಳಿ, ತುದಿ ಕೊಕ್ಕಿನಂತೆ ಚೂಪು ಮಾಡಿ, ತನ್ನ ತುಟಿಗೆ ಹಚ್ಚಿ ನೋಡಿ, ಒಂದಾದ ಮೇಲೆ ಒಂದು ಕೆತ್ತುತ್ತಿದ್ದ. ರಾಚಮ್ಮ ಮೂಲೆಯಲ್ಲಿ ಗಂಡನ ತಲೆಯನ್ನು ಕಾಲಿನ ಮೇಲೆ ಇಟ್ಟುಕೊಂಡಿದ್ದಳು. ಅವನು ಬೈಯುತ್ತಿದ್ದ, ಕುಡಿಯುತ್ತಿದ್ದ. ಅವಳೊಬ್ಬಳೇ ಅಲ್ಲ. ನಿನ್ನೆ ಮೊನ್ನೆ ಎದ್ದು ಕೂತವರು, ಸ್ವಲ್ಪ ಶಕ್ತಿ ಬಂದವರು, ಸಾಲಿನುದ್ದಕ್ಕೂ ಕಂಬಕ್ಕೆ, ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದರು. ಒಬ್ಬೊಬ್ಬರ ಕಾಲಿನ ಮೇಲೆ ಒಂದೊಂದು ತಲೆ. ಯಾರ ಕಾಲು, ಯಾವ ಜಾತಿಯ ತಲೆ ಎಂದು ಕೇಳುವವರಿರಲಿಲ್ಲ. ಎಲ್ಲರ ಕೈಯಲ್ಲೂ ಬಿದಿರಿನ ಒಳಲೆ. ನನಗೆ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಕೆಸರಿನಲ್ಲಿ ಬಿದ್ದಲ್ಲೇ ಹಿಗ್ಗಿದೆ.

ಮಳೆ ಇಳಿಯಿತು, ರೋಗವೂ ಇಳಿಯಿತು. ಉಳಿದವರನ್ನು ಮುಂದಿನ ಶಿಬಿರಕ್ಕೆ ನಡೆಸಲು ಅಪ್ಪಣೆಯಾಯಿತು. ಹೊರಡುವ ಬೆಳಗ್ಗೆ ಕೆಸರು ಒಣಗಿ ನಾನು ಮೇಲೆ ಕಂಡೆ. ಮಾದಯ್ಯ ಊರುಗೋಲು ಹಿಡಿದು ಬಂದವನು ನನ್ನನ್ನು ನೋಡಿ, ಎತ್ತಿ, ಸೊಂಟದ ಬಟ್ಟೆಯಲ್ಲಿ ಒರೆಸಿ ಹೆಂಡತಿಗೆ ಕೊಟ್ಟ. ಅವಳು ನನ್ನನ್ನು ಕೆನ್ನೆಗೆ ಒತ್ತಿಕೊಂಡಳು. ಗಂಟಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಗುಂಡಿಯ ಕಡೆಗೆ ತಿರುಗಿದಳು. ಬೆಂಕಿ ಆರಿತ್ತು. ಕರಿ ಮಣ್ಣಿನ ಮೇಲೆ ಆಗಲೇ ಹುಲ್ಲು ಇಣುಕುತ್ತಿತ್ತು. ಪೊನ್ನಾಯಿ ಅಲ್ಲಿದ್ದಳು. ಹೆಸರು ಗೊತ್ತಿರದವರು ಎಷ್ಟೋ ಮಂದಿ ಅಲ್ಲಿದ್ದರು. ಅವರಿಗೆ ಹಾಲು ತುಪ್ಪ ಬಿಟ್ಟವರಿಲ್ಲ, ಎಡೆ ಇಟ್ಟವರಿಲ್ಲ. ಕಾವಲಿನವರು ಬಿಟ್ಟಿರಲಿಲ್ಲ.

“ಅವ್ರ ಬಾಯ್ಗಾರ ನೀರ್ ಬುಡಮ್ಮಿ” ಎಂದ ಮಾದಯ್ಯ. “ಇವಾಗ ಬುಡ್ಬೋದು.”

“ನೀರ್ ಯಾಕ ಬುಡ್ಲಿ? ಗಂಜೀನೇ ಕೊಡ್ತಿನಿ” ಎಂದಳು ರಾಚಮ್ಮ.

ಆವತ್ತಿನ ದಾರಿಗೆಂದು ಕೊಟ್ಟಿದ್ದ ಗಂಜಿಯನ್ನು ನನ್ನಲ್ಲಿ ತುಂಬಿದಳು. ಮಾದಯ್ಯ ತನ್ನ ಗಂಟಿನಿಂದ ಎರಡು ಹರಳು ಉಪ್ಪು ಹಾಕಿದ. ಗುಂಡಿಯ ಅಂಚಿನಲ್ಲಿ ಎರಡು ಕಲ್ಲಿನ ಸಂದಿಗೆ ನನ್ನನ್ನು ಊರಿ, ಮೂತಿಯನ್ನು ಮಣ್ಣಿನ ಕಡೆಗೆ ಬಾಗಿಸಿದರು. “ಕುರ್ರಾ!” ಎಂದು ಕೂಗು ಬಂತು. ರಾಚಮ್ಮ ಕೈಮುಗಿಯುವುದನ್ನು ಮುಗಿಸಿಯೇ ಎದ್ದಳು. ಅವಳ ಸೆರಗಿನ ಗಂಟಿನಲ್ಲಿ ಬಿದಿರಿನ ಒಳಲೆಯ ತುದಿ ಇಣುಕುತ್ತಿದ್ದುದು ಕಾಣಿಸಿತು. ಗಂಡ ಹೆಂಡತಿ ಸಾಲಿಗೆ ಸೇರಿ ನಡೆದರು. ಅವರು ಬಾಳಿದರೋ, ಊರು ಮುಟ್ಟಿದರೋ ನನಗೆ ತಿಳಿಯದು. ಇಲ್ಲಿಂದ ಇಬ್ಬರೂ ತಮ್ಮ ಕಾಲಿನ ಮೇಲೆ ನಡೆದು ಹೋದದ್ದನ್ನು ಮಾತ್ರ ಕಂಡೆ.

ಯುದ್ಧ ಮುಗಿಯಿತು. ಅಷ್ಟು ಜನರನ್ನು ತಿಂದು ಹಾಕಿದ ರೈಲು ಹಾದಿಯ ಹಳಿಗಳನ್ನು ಕಿತ್ತುಕೊಂಡು ಹೋದರು. ಕಾವಲು ಮನೆ ಬಿತ್ತು, ಆಚೆಮನೆ ಬಿತ್ತು, ಅವುಗಳ ಮೇಲೆ ಬಿದಿರು ಬೆಳೆಯಿತು. ನನ್ನ ಮೈ ಹಸಿರುಗಟ್ಟಿದೆ, ಅಂಚು ಸವೆದಿದೆ. ನಾನಿನ್ನೂ ಆ ಎರಡು ಕಲ್ಲಿನ ನಡುವೆಯೇ ಇದ್ದೇನೆ. ಪ್ರತಿ ಮಳೆಗೂ ನಾನು ತುಂಬುತ್ತೇನೆ, ತುಂಬಿದ್ದು ಮೂತಿಯಿಂದ ಹನಿಹನಿಯಾಗಿ ಮಣ್ಣಿಗೆ ಇಳಿಯುತ್ತದೆ. ಇದನ್ನು ಕೊನೆಯ ನೀರು ಎಂದುಕೊಳ್ಳಬೇಡಿ. ನಾನು ಅವರಿಗೆ ಕುಡಿಸುತ್ತಿದ್ದೇನೆ. ಕುಡಿ ಪೊನ್ನಾಯಿ, ಕುಡಿ.